ಅಪ್‌ಡೇಟ್: ಪೀಣ್ಯದ ಶೆಡ್‌ಗೆ ಕೊನೆಗೆ ಟ್ಯೂಬ್‌ಲೈಟೇ

ನಮ್ಮ ಲೇತ್ ಶೆಡ್‌ಗೆ ಮೆಟಲ್ ಹಾಲೈಡ್ (ಆವಿಯಿಂದ ಉರಿಯುವ ಜೋರು ಬೆಳಕಿನ ದೀಪ) ಹಾಕಿಸಲಾ, ಟಿ5 ಅನ್ನುವ ತೆಳು ಟ್ಯೂಬ್‌ಲೈಟಾ ಅಂತ ಕೇಳಿದ್ದೆನಲ್ಲ, ಟಿ5 ಹಾಕಿಸಿದೆ. ಎಲ್‌ಇಡಿ ಹಾಕಿಸು ಅಂದವರಿಗೆ: ಟಿ5 ಫಿಟ್ಟಿಂಗ್ ಭಾವನ ಗೋಡೌನಿನಿಂದ ಪುಕ್ಕಟೆ ಸಿಕ್ಕಿತು, ಬಿಡುವುದುಂಟಾ!

ಮಳೆ ಬಂದರೆ ಇಲ್ಲಿ ಕರೆಂಟ್ ಹೋಗಿ ಬರುವುದು ಮಾಮೂಲಿ. ಹಾಲೈಡ್ ದೀಪ ಒಮ್ಮೆ ಆರಿದರೆ ಒಳಗಿನ ಆವಿ ತಣ್ಣಗಾಗಿ ಒತ್ತಡ ಇಳಿಯುವವರೆಗೆ ಮತ್ತೆ ಹೊತ್ತುವುದಿಲ್ಲ. 10-15 ನಿಮಿಷ ಸುಮ್ನೆ ಕೂರಬೇಕು. ಟ್ಯೂಬ್‌ಲೈಟ್ ತಕ್ಷಣ ಹತ್ತುತ್ತದೆ.

ಇನ್ನೊಂದು, ಹಳೇ ಚೋಕ್‌ನ (ದೀಪಕ್ಕೆ ಹೋಗುವ ಕರೆಂಟನ್ನು ಮಿತಿಯಲ್ಲಿಡುವ ತಂತಿ ಸುರುಳಿ) ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ತಿರುಗುವ ಚಕ್ (ಲೇತ್‌ನಲ್ಲಿ ಕೆಲಸದ ತುಂಡನ್ನು ಹಿಡಿದು ತಿರುಗುವ ಭಾಗ) ನಿಂತ ಹಾಗೆ ಕಾಣಬಹುದು, ಕೈಗೆ ಅಪಾಯ. ಟಿ5ಗೆ ಚೋಕ್ ಬದಲು ಎಲೆಕ್ಟ್ರಾನಿಕ್ ಬ್ಯಾಲಸ್ಟ್, ಕಣ್ಣಿಗೆ ಕಾಣದಷ್ಟು ವೇಗದಲ್ಲಿ ದೀಪ ನಡೆಸುತ್ತದೆ, ಆ ಕಾಟವಿಲ್ಲ.

ಚಾವಣಿ 30 ಅಡಿ ಎತ್ತರ ಇದ್ದಿದ್ದರೆ, ಕೆಳಗಿನವರೆಗೆ ಜೋರು ಬೆಳಕು ಬೇಕಲ್ಲ, ಹಾಲೈಡೇ ಹಾಕಿಸುತ್ತಿದ್ದೆ. ನಮ್ಮದು ಬರೀ 14.