ಹಲ್ಲಿನ ಇನ್ಶೂರೆನ್ಸ್: ಕಂಪನಿಯದ್ದು ಸಾಕಾ, ಹೊರಗಡೆ ಮಾಡಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ, ಸಂಬಳ 34,000. ಈ ವರ್ಷ ಕಂಪನಿಯ ಗ್ರೂಪ್ ಪಾಲಿಸಿಗೆ ಹಲ್ಲಿನ ಚಿಕಿತ್ಸೆಯನ್ನೂ ಸೇರಿಸಿಕೊಳ್ಳಬಹುದು ಅಂದಿದ್ದಾರೆ. ವರ್ಷಕ್ಕೆ 2,400 ರೂಪಾಯಿ ಹಿಡಿಯುತ್ತಾರೆ, ಮನೆಯವರಿಗೆಲ್ಲ ಸೇರಿ 10,000ದವರೆಗೆ ಸಿಗುತ್ತದೆ. ಪರಿಚಯದ ಏಜೆಂಟರೊಬ್ಬರು ಹೊರಗಡೆ ಒಪಿಡಿ ಪ್ಲಾನ್ (ಅಡ್ಮಿಟ್ ಆಗದೆ ಪಡೆಯುವ ಚಿಕಿತ್ಸೆಯ ಇನ್ಶೂರೆನ್ಸ್) ಮಾಡಿಸಿ ಅನ್ನುತ್ತಿದ್ದಾರೆ. ಅದಕ್ಕೆ 9,000, ಹಲ್ಲಿಗೆ ಮಿತಿ ಅದೇ 10,000. ಕೆಲಸ ಬಿಟ್ಟರೂ ಅದು ನಡೆಯುತ್ತದಂತೆ. ನನ್ನ ಒಂದು ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಬೇಕು, ಮಗಳಿಗೆ ಕ್ಲಿಪ್ ಹಾಕಿಸಬೇಕು. ಯಾವುದು ತಗೊಳ್ಳಲಿ?

ಉತ್ತರ (ಇನ್ಶೂರೆನ್ಸ್ ಸಲಹೆಗಾರರು): ಮೇಡಂ, ಕಂಪನಿಯದ್ದೇ ತಗೊಳ್ಳಿ. ಹೊರಗಿನ ಪ್ಲಾನಿನಲ್ಲಿ ಮಿತಿಯಷ್ಟೂ ಕ್ಲೇಮ್ ಮಾಡಿದರೂ ನಿಮಗೆ ಉಳಿಯುವುದು 1,000. ಕಂಪನಿಯದ್ದರಲ್ಲಿ 7,600. ಹಲ್ಲಿನ ಮಟ್ಟಿಗೆ ನೋಡಬೇಕಾದ್ದು ಇದೇ ಲೆಕ್ಕ, ಏಕೆಂದರೆ ಈ ಪ್ಲಾನುಗಳ ಮಿತಿ ಚಿಕ್ಕದು. ಹಾರ್ಟ್ ಆಪರೇಷನ್ ತರ ಇದ್ದಕ್ಕಿದ್ದಂತೆ ಲಕ್ಷಗಟ್ಟಲೆ ಬೀಳುವ ಖರ್ಚಿಗೆ ಇನ್ಶೂರೆನ್ಸ್ ಬೇಕೇ ಬೇಕು. ಹತ್ತು ಸಾವಿರದ ಮಿತಿಗೆ ಒಂಬತ್ತು ಸಾವಿರ ಕಟ್ಟುವುದು ನಮ್ಮ ದುಡ್ಡನ್ನೇ ನಾವು ವಾಪಸ್ ಪಡೆದ ಹಾಗೆ.

ಆದರೆ ಸಹಿ ಹಾಕುವ ಮುಂಚೆ ಎಚ್‌ಆರ್ ಹತ್ತಿರ ಪಾಲಿಸಿ ಪ್ರತಿ ಕೇಳಿ ಓದಿ. ಈಗಾಗಲೇ ಇರುವ ತೊಂದರೆಗೆ ಮೊದಲ ದಿನದಿಂದಲೇ ಹಣ ಕೊಡುತ್ತಾರಾ? ಗ್ರೂಪ್ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಕೊಡುತ್ತಾರೆ. ಹೊರಗಿನ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ 2024ರ ನಿಯಮದ ಪ್ರಕಾರ ಅದು 36 ತಿಂಗಳವರೆಗೂ ಇರಬಹುದು. ನಿಮ್ಮ ದವಡೆ ಹಲ್ಲು ಅಷ್ಟು ದಿನ ಕಾಯುತ್ತದಾ? ಹುಳುಕು ಬೇರಿಗಿಳಿದಿದ್ದರೆ ಯಾವ ಪಾಲಿಸಿಗೂ ಕಾಯಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಮುಂದೂಡಿದರೆ ಹಲ್ಲೇ ಕೀಳಬೇಕಾಗಬಹುದು. ಆಮೇಲಿನ ಖರ್ಚು ಇನ್ನೂ ಜಾಸ್ತಿ.

ರೂಟ್ ಕೆನಾಲ್ ಜೊತೆಗೆ ಆ ಹಲ್ಲಿನ ಮೇಲೆ ಕೂರಿಸುವ ಕ್ಯಾಪ್‌ಗೂ ಹಣ ಸಿಗುತ್ತದಾ ಅಂತ ಬರಹದಲ್ಲೇ ಕೇಳಿ. ಎಷ್ಟೋ ಜನರಿಗೆ ಇಲ್ಲೇ ಏಟು ಬೀಳುವುದು. ಮಗಳ ಕ್ಲಿಪ್ಪನ್ನು ಬಹುತೇಕ ಪಾಲಿಸಿಗಳು ಅಂದಕ್ಕೆ ಮಾಡಿಸುವ ಚಿಕಿತ್ಸೆ ಅಂತ ಹೊರಗಿಡುತ್ತವೆ. ಅದಕ್ಕೆ ಈಗಿನಿಂದಲೇ ಬೇರೆಯಾಗಿ ದುಡ್ಡು ಕೂಡಿಡಿ. ಎಕ್ಸ್‌ರೇ, ಚೀಟಿ, ಬಿಲ್ಲು ಎಲ್ಲವೂ ಜೋಪಾನ.

ಪ್ರಶ್ನೆ: ಥ್ಯಾಂಕ್ಸ್ ಸರ್. ಕೆಲಸ ಬಿಟ್ಟರೆ ಏನು ಗತಿ? ಟ್ಯಾಕ್ಸ್ ಲಾಭ ಇದೆಯಲ್ವಾ ಹೊರಗಿನದ್ದಕ್ಕೆ?

ಉತ್ತರ: ಕೆಲಸ ಬಿಟ್ಟರೆ ಕಂಪನಿ ಪಾಲಿಸಿ ನಿಲ್ಲುತ್ತದೆ, ಅದು ನಿಜ. ಅದೇ ಇನ್ಶೂರೆನ್ಸ್ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶ ಇದೆ. ರಾಜೀನಾಮೆ ಕೊಡುವ ಮೊದಲೇ ವಿಚಾರಿಸಿ. ಟ್ಯಾಕ್ಸ್ ವಿಷಯಕ್ಕೆ ಬಂದರೆ, ಹೆಲ್ತ್ ಇನ್ಶೂರೆನ್ಸ್ ಕಂತಿಗೆ ಸಿಗುವ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ವೈಯಕ್ತಿಕ ಹೆಲ್ತ್ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಹೊರಗಡೆ ಕಟ್ಟಲು 9,000 ಇದ್ದರೆ ಅದನ್ನು ಆಸ್ಪತ್ರೆ ಖರ್ಚಿನ ಸ್ವಂತ ಪಾಲಿಸಿಗೆ ಹಾಕಿ. ಅದು ನಿಮ್ಮ ಹೆಸರಲ್ಲೇ ಉಳಿಯುತ್ತದೆ. ಬಿದ್ದು ದವಡೆ ಮುರಿದು ಅಡ್ಮಿಟ್ ಆದರೆ ಸಾಮಾನ್ಯವಾಗಿ ಅದರಲ್ಲೇ ಕ್ಲೇಮ್ ಆಗುತ್ತದೆ.

ಇನ್ನೊಬ್ಬರು: ಅಣ್ಣಾ, ನಾನು ಗಾರ್ಮೆಂಟ್ಸ್‌ನಲ್ಲಿದ್ದೀನಿ, ಸಂಬಳ 18,000. ನಮಗೆ ಇಂಥದ್ದೇನೂ ಇಲ್ಲ. ಅಮ್ಮನಿಗೆ ಹಲ್ಲಿನ ಸೆಟ್ ಬೇರೆ ಬೇಕು.

ಉತ್ತರ: ನಿಮಗೆ ಇಎಸ್‌ಐ (ಕಾರ್ಮಿಕರಿಗಿರುವ ಸರ್ಕಾರಿ ಇನ್ಶೂರೆನ್ಸ್) ಇರಬೇಕಮ್ಮ, ಸಂಬಳದ ಚೀಟಿ ನೋಡಿ. ತಿಂಗಳ ಸಂಬಳ 21,000ದ ಒಳಗಿದ್ದರೆ 0.75 ಪರ್ಸೆಂಟ್ ಹಿಡಿಯುತ್ತಾರೆ. ನಿಮಗೆ 135 ರೂಪಾಯಿ ಆಗುತ್ತದೆ. ಕಂಪನಿ 3.25 ಪರ್ಸೆಂಟ್ ಹಾಕುತ್ತದೆ. ಹಲ್ಲಿನ ಚಿಕಿತ್ಸೆಯೂ ಅದರಲ್ಲಿ ಬರುತ್ತದೆ. ಮೊದಲು ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ, ಅಲ್ಲಿ ಆಗದಿದ್ದರೆ ರೆಫರ್ ಮಾಡಿಸಿಕೊಳ್ಳಿ. ಸುಮ್ನೆ ಹೊರಗಡೆ ಮಾಡಿಸಿ ಆಮೇಲೆ ಬಿಲ್ಲು ಕೊಟ್ಟರೆ ಕಷ್ಟ. ಅಮ್ಮನಿಗೆ ಬಿಪಿಎಲ್ ಕಾರ್ಡ್ ಇದ್ದರೆ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಹಲ್ಲಿನ ಸೆಟ್ ಕೊಡುವ ಸರ್ಕಾರದ ದಂತಭಾಗ್ಯ ಯೋಜನೆ ಬಗ್ಗೆ ಕೇಳಿ. ಇಲ್ಲದಿದ್ದರೆ ಹಾಸನದಲ್ಲೇ ಹಾಸನಾಂಬ ಡೆಂಟಲ್ ಕಾಲೇಜಿದೆ. ಡೆಂಟಲ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪ್ರೊಫೆಸರ್‌ಗಳ ಕಣ್ಗಾವಲಲ್ಲಿ ಮಾಡುತ್ತಾರೆ. ಸಮಯ ಜಾಸ್ತಿ ಹಿಡಿಯುತ್ತದೆ, ದುಡ್ಡು ಕಡಿಮೆ. ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ.