ಮಗುವಿನ ಕೌದಿ: ಮೇಲೆ ಚೆಂದ, ಅಡಿಬಟ್ಟೆಯಲ್ಲಿ ಮಾತ್ರ ನೆರಿಗೆ

ಸೂಜಿಮಲ್ಲಿ:
ಅಕ್ಕನ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಇನ್ನು ಒಂಬತ್ತೇ ದಿನ. 36 ಇಂಚು ಚೌಕದ ಕೌದಿ ಹೊಲಿಯುತ್ತಿದ್ದೇನೆ. ಮೇಲೆ ಹತ್ತಿ ಬಟ್ಟೆಯ ತುಂಡುಗಳು, ನಡುವೆ ಅರ್ಧ ಇಂಚಿನ ಪಾಲಿಯೆಸ್ಟರ್ ಹಾಸು, ಅಡಿಗೆ ಅಮ್ಮನ ಹಳೇ ವಾಯಿಲ್ ಸೀರೆ. ತಿರುಗಿಸಿ ನೋಡಿದರೆ ಸೀರೆ ಮಡಚಿಕೊಂಡು ಹೊಲಿಗೆಯೊಳಗೆ ಸಿಕ್ಕಿಬಿದ್ದಿದೆ. ದಾರದ ಬಿಗಿ ಸಡಿಲಿಸಿದೆ, ಸೂಜಿ ಬದಲಿಸಿದೆ, ಅದೇ ಕಥೆ. ಐದು ಸಾಲು ಬಿಚ್ಚಿದ ಕಡೆ ತೂತುಗಳು ಬೇರೆ. ಕಾಲಲ್ಲಿ ತುಳಿಯುವ ಮಷೀನು.

ದರ್ಜಿಮನೆ:
ಪಿನ್ನು ಎಲ್ಲೆಲ್ಲಿ ಹಾಕಿದ್ದೀರಿ? ಯಾವ ಕಡೆಯಿಂದ ಹೊಲಿದಿರಿ?

ಸೂಜಿಮಲ್ಲಿ:
ನಾಲ್ಕೂ ಅಂಚಿಗೆ ಗುಂಡುಪಿನ್ನು, ನಡುವೆ ಒಂದೆರಡು. ಎಡ ಅಂಚಿಂದ ಶುರು. ಒಂದು ಸಾಲು ಮೇಲಿಂದ ಕೆಳಗೆ, ಮುಂದಿನದು ಕೆಳಗಿಂದ ಮೇಲೆ.

ದರ್ಜಿಮನೆ:
ಹಾಗಾದರೆ ದಾರವನ್ನು ಬಯ್ಯಬೇಡಿ. ಸೂಜಿಯ ಕೆಳಗಿರುವ ಮಷೀನಿನ ಹಲ್ಲು ಅಡಿಬಟ್ಟೆಯನ್ನು ಎಳೆದುಕೊಳ್ಳುತ್ತೆ, ಸೂಜಿಯ ಪಕ್ಕದ ಲೋಹದ ಪಾದ ಮೇಲ್ಬಟ್ಟೆಯನ್ನು ಒತ್ತಿ ತಡೆಯುತ್ತೆ. ನಡುವೆ ಮೆತ್ತಗಿನ ಹಾಸಿದ್ದರೆ ಎರಡೂ ತಮ್ಮ ಪಾಡಿಗೆ ಜಾರುತ್ತವೆ. ಅಂಚಿಂದ ಹೊಲಿದಾಗ ಮಿಕ್ಕಿದ ಬಟ್ಟೆಗೆ ಹೋಗಲು ಜಾಗವಿಲ್ಲ, ನೆರಿಗೆಯಾಗಿ ಕೂರುತ್ತೆ.

ನೆರಿಗೆ ಬಿದ್ದ ಸಾಲು ಬಿಚ್ಚಿ. ಸೀರೆಯನ್ನು ನೆಲದ ಮೇಲೆ ಹರಡಿ, ಸುತ್ತ ಟೇಪು ಅಂಟಿಸಿ. ಸುಕ್ಕು ಹೋದರೆ ಸಾಕು, ಎಳೆದು ಹಿಗ್ಗಿಸಬೇಡಿ. ಅದರ ಮೇಲೆ ಹಾಸು, ಮೇಲ್ಬಟ್ಟೆ. ಆಮೇಲೆ ಕೈಯಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ, ನಡುವಿಂದ ಅಂಚಿಗೆ, ನಾಲ್ಕು ಇಂಚಿಗೊಂದು ಸಾಲು, ಅಡ್ಡಕ್ಕೂ ಉದ್ದಕ್ಕೂ. ಬೇಜಾರಿನ ಕೆಲಸ, ಆದರೆ ಅರ್ಧ ಕೌದಿ ಇಲ್ಲೇ ಆಗಿಹೋಗೋದು.

ಪಾದದ ಕಂಬಿಯ ಮೇಲ್ತುದಿಯಲ್ಲಿರುವ ತಿರುಪನ್ನು ಒಂದೆರಡು ಸುತ್ತು ಸಡಿಲಿಸಿ, ಪಾದದ ಒತ್ತು ಕಡಿಮೆಯಾಗುತ್ತೆ. ಇಂಚಿಗೆ ಎಂಟು ಹೊಲಿಗೆ ಬರುವಂತೆ ಇಟ್ಟುಕೊಳ್ಳಿ. ಮೊದಲ ಸಾಲು ನಟ್ಟನಡುವೆ, ಆಮೇಲೆ ಎಡಕ್ಕೆ, ಬಲಕ್ಕೆ, ಎಲ್ಲವೂ ಒಂದೇ ದಿಕ್ಕಿಗೆ. ತೂತಿಗೆ ಸ್ವಲ್ಪ ನೀರು ಮುಟ್ಟಿಸಿ ಉಗುರಿಂದ ಉಜ್ಜಿದರೆ ಹತ್ತಿಯ ಎಳೆಗಳು ಕೂಡಿಕೊಳ್ಳುತ್ತವೆ. ಬಿಸಿ ಇಸ್ತ್ರಿ ಮಾತ್ರ ಬೇಡ, ಪಾಲಿಯೆಸ್ಟರ್ ಚಪ್ಪಟೆಯಾಗುತ್ತೆ.

ಧಾರವಾಡದ ಕೌದಿ:
ಆದ್ರ ನಮ್ಮವ್ವ ಅಂಚಿನಿಂದನ ಚಾಲೂ ಮಾಡಿ, ಸುತ್ತ ಸುತ್ತಿ ನಡುವಿಗೆ ಬರ್ತಿದ್ಲಲ್ರೀ, ಒಂದ್ ನೆರಿಗಿ ಇರ್ತಿರ್ಲಿಲ್ಲ?

ದರ್ಜಿಮನೆ:
ಅವ್ವನ ಕೌದಿಯಲ್ಲಿ ಪಾಲಿಯೆಸ್ಟರ್ ಹಾಸು ಇತ್ತೇ? ಹಳೇ ಸೀರೆ, ಧೋತರದ ಪದರಗಳು ಒಂದಕ್ಕೊಂದು ಕಚ್ಚಿ ಕೂರುತ್ತವೆ. ಕೈಯಲ್ಲಿ ಹೊಲಿಯುವಾಗ ಪ್ರತಿ ಟಾಕಿಗೂ ಎಡಗೈ ಬಟ್ಟೆ ಸವರಿ ಸರಿಮಾಡುತ್ತೆ. ಮಷೀನಿಗೆ ಆ ಎಡಗೈ ಇಲ್ಲ.

ಧಾರವಾಡದ ಕೌದಿ:
ಖರೇ ಐತಿ. ತಂಗಿ, ಕೌದಿ ಮೂಲಿ ಮೂಲಿಗೆ ಚೌಕ ಬಟ್ಟಿ ಮಡಚಿ ಹಚ್ಚು. ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಣ್ಣಮಕ್ಕಳು ಅದಕ್ಕ ಹೂವು ಅಂತಾರ, ಹೂವಿಲ್ಲದ ಕೌದಿ ಬತ್ತಲಿ ಇದ್ದಂಗ ಅವರಿಗೆ. ಕನ್ನಡಿ, ಗುಂಡಿ ಹಚ್ಚಬ್ಯಾಡ, ಕೂಸು ಬಾಯಾಗ ಹಾಕ್ಕೋತದ.

ದರ್ಜಿಮನೆ:
ಇನ್ನೊಂದು. ವರ್ಷ ತುಂಬುವವರೆಗೆ ಮಲಗಿದ ಮಗುವಿಗೆ ಇದನ್ನು ಹೊದಿಸಬಾರದು, ಹಾಸಿ ಮಲಗಿಸಲೂಬಾರದು, ಮುಖಕ್ಕೆ ಬಂದರೆ ಉಸಿರಿಗೆ ತೊಂದರೆ. ಎಚ್ಚರವಿದ್ದಾಗ ನೆಲಕ್ಕೆ ಹಾಸಿ ಆಡಿಸಲಿ. ಕೊಡುವಾಗ ಅಕ್ಕನಿಗೆ ಹೇಳಿಬಿಡಿ.

ಸೂಜಿಮಲ್ಲಿ:
ನಿನ್ನೆ ರಾತ್ರಿ ಕಚ್ಚಾ ಹೊಲಿಗೆಗೇ ಮೂರು ಗಂಟೆ ಹಿಡಿಯಿತು. ಇವತ್ತು ಹದಿಮೂರು ಸಾಲು ಓಡಿಸಿದೆ, ಅಡಿ ಸಪಾಟಾಗಿದೆ. ಬಲ ಮೂಲೆಯಲ್ಲೊಂದು ಬೆರಳಗಲದ ಸುಕ್ಕು ಉಳಿದಿತ್ತು, ಅದರ ಮೇಲೆ ಹೂವು ಕೂರಿಸಿದ್ದೇನೆ. ಅಕ್ಕನಿಗೆ ಹೇಳಬೇಡಿ!