ಇಂಗ್ಲೆಂಡಿನ ಹಳ್ಳಿಯಲ್ಲಿ ಒಂದು ಬೇಸಿಗೆ: ದಿನಕ್ಕೊಂದು ಚಿತ್ರವೆಂದರೆ ಏನನ್ನು ತೆಗೆಯಬೇಕು?

ಪ್ರಶ್ನೆ: ಕೋಥ್ರೂಡ್ ವಾಸಿ, ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಮೂವತ್ತು ವರ್ಷಗಳಿಂದ ಪುಣೆಯಲ್ಲಿ ನೆಲೆಸಿರುವ ಧಾರವಾಡದವಳು. ಜೂನ್ ಮೊದಲ ವಾರದಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೊರಟಿದ್ದೇನೆ. ಆಗಸ್ಟ್ ಕೊನೆಯವರೆಗೆ ಅಲ್ಲಿಯೇ ಇರುತ್ತೇನೆ. ವಿಲ್ಟ್‌ಶೈರ್‌ನ ಚಿಪ್ಪನ್‌ಹ್ಯಾಮ್ ಪೇಟೆಯಿಂದ ಕೆಲವು ಮೈಲಿ ದೂರದ ಚಿಕ್ಕ ಹಳ್ಳಿಯದು. ಒಂದು ಚರ್ಚು, ಒಂದು ಪಬ್ಬು, ಒಂದು ಕ್ರಿಕೆಟ್ ಮೈದಾನ, ಎರಡು ಗಂಟೆಗೊಮ್ಮೆ ಬರುವ ಬಸ್ಸು, ಇಷ್ಟೇ ಆ ಊರಿನ ಆಸ್ತಿಯೆಂದು ಮಗಳು ಹೇಳುತ್ತಾಳೆ. ಹಗಲೆಲ್ಲ ಮಗಳು ಅಳಿಯ ಕೆಲಸಕ್ಕೆ ಹೋಗಿರುತ್ತಾರಾದ್ದರಿಂದ, ಹೊತ್ತು ಕಳೆಯುವುದಕ್ಕೂ ಆಯಿತು, ಇಲ್ಲಿಯ ಗೆಳತಿಯರಿಗೆ ತೋರಿಸುವುದಕ್ಕೂ ಆಯಿತು ಎಂದುಕೊಂಡು ದಿನಕ್ಕೊಂದು ಚಿತ್ರ ತೆಗೆಯುವ ಸಂಕಲ್ಪ ಮಾಡಿದ್ದೇನೆ.

ನನ್ನ ಅಳುಕು ಒಂದೇ. ಇಂಗ್ಲೆಂಡಿನ ಹಳ್ಳಿಯೆಂದು ನಾನು ಈವರೆಗೆ ನೋಡಿದ ಚಿತ್ರಗಳೆಲ್ಲ ಬಿಸ್ಕತ್ತಿನ ಡಬ್ಬದ ಮುಚ್ಚಳದಂತಿವೆ: ಹುಲ್ಲಿನ ಚಾವಣಿ, ಬಾಗಿಲ ಪಕ್ಕದ ಗುಲಾಬಿ, ಕೆಂಪು ಟೆಲಿಫೋನ್ ಗೂಡು. ನನಗೆ ಬೇಕಾಗಿರುವುದು ಅಲ್ಲಿಯ ಜನರ ನಿತ್ಯದ ಬದುಕು. ಅದು ಎಲ್ಲಿ ಕಾಣಸಿಗುತ್ತದೆ, ಯಾವ ಹೊತ್ತಿನಲ್ಲಿ ಹೊರಡಬೇಕು, ಅಪರಿಚಿತರ ಚಿತ್ರ ತೆಗೆದರೆ ತಪ್ಪಾಗುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಡೊಂಬಿವಲಿಯ ನಿವೃತ್ತ

ಮಗ ಆಕ್ಸ್‌ಫರ್ಡ್‌ಶೈರ್‌ನ ಹಳ್ಳಿಯೊಂದರಲ್ಲಿದ್ದಾಗ ನಾನೂ ನನ್ನ ಹೆಂಡತಿಯೂ ಎರಡು ಬೇಸಿಗೆಗಳನ್ನು ಅಲ್ಲಿ ಕಳೆದಿದ್ದೇವೆ. ಮೊದಲು ಗಡಿಯಾರದ ಮಾತು ಹೇಳಿಬಿಡುತ್ತೇನೆ, ಏಕೆಂದರೆ ಪೆಟ್ಟು ತಿಂದವನು ನಾನು. ಮೊಬೈಲ್ ತನ್ನ ವೇಳೆಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಕ್ಯಾಮೆರಾ ಹಾಗೆ ಮಾಡುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ನಾಲ್ಕೂವರೆ ಗಂಟೆಯ ಅಂತರವಿರುವುದರಿಂದ, ನಾನು ಸಂಜೆ 7.30ರ ನಂತರ ತೆಗೆದ ಚಿತ್ರಗಳೆಲ್ಲ ಮರುದಿನದ ತಾರೀಖಿಗೆ ಬಿದ್ದಿದ್ದವು. ಊರಿಗೆ ಮರಳಿ ಜೋಡಿಸಲು ಕುಳಿತರೆ ಒಂದು ದಿನಕ್ಕೆ ಎರಡು ಚಿತ್ರ, ಇನ್ನೊಂದು ದಿನಕ್ಕೆ ಒಂದೂ ಇಲ್ಲ. ಸಂಜೆಯಲ್ಲವೇ ಎಂದು ನೀವು ಉಪೇಕ್ಷಿಸುವಂತಿಲ್ಲ. ಜೂನ್ ಮೂರನೆಯ ವಾರದಲ್ಲಿ ಅಲ್ಲಿ ಸೂರ್ಯ ಮುಳುಗುವುದು 9.30ರ ಸುಮಾರಿಗೆ, ಆಮೇಲೂ ಬಹಳ ಹೊತ್ತು ಬೆಳಕು ಉಳಿದಿರುತ್ತದೆ. ಮುಂಬಯಿಯಲ್ಲಿ ವರ್ಷದ ಅತಿ ದೀರ್ಘ ಹಗಲಿನಂದೂ ಏಳೂಕಾಲು ದಾಟುತ್ತಿದ್ದಂತೆ ಸೂರ್ಯ ಮುಳುಗಿಬಿಡುತ್ತಾನೆ.

ಅಲ್ಲಿಯ ನಿತ್ಯದ ಬದುಕು ಬಹುತೇಕ ಆ ಸಂಜೆಯಲ್ಲಿಯೇ ಇದೆ. ಜನ ಕೆಲಸದಿಂದ ಮರಳಿ, ಉಂಡು, ನಾಯಿಯನ್ನು ಕರೆದುಕೊಂಡು ಹೊಲಗಳ ನಡುವಿನ ಕಾಲುದಾರಿ ಹಿಡಿಯುತ್ತಾರೆ. ಖಾಸಗಿ ಹೊಲದ ಮಧ್ಯೆ ಹಾದರೂ ಅದು ಸಾರ್ವಜನಿಕರ ಹಕ್ಕಿನ ದಾರಿ. ಕಂಬದ ಮೇಲೆ ಹಳದಿ ಬಾಣದ ಗುರುತಿದ್ದರೆ ನೀವೂ ನಿಶ್ಚಿಂತೆಯಿಂದ ನಡೆಯಬಹುದು. ನಮ್ಮ ಹಳ್ಳಿಯಲ್ಲಿ ವಾರದ ನಡುವೆಯೂ ಸಂಜೆ ಆರರ ಮೇಲೆ ಇಪ್ಪತ್ತು ಓವರುಗಳ ಪಂದ್ಯ ನಡೆಯುತ್ತಿತ್ತು. ಬೌಲರನಿಗಿಂತ ಆಚೆ, ಮಡಚುವ ಕುರ್ಚಿಯಲ್ಲಿ ಕುಳಿತು ಸ್ಕೋರು ಬರೆಯುವವರನ್ನು ನೋಡಿ; ನನ್ನ ಒಳ್ಳೆಯ ಚಿತ್ರಗಳೆಲ್ಲ ಅಲ್ಲಿ ಸಿಕ್ಕಿದವು.

ಇನ್ನೊಂದು ದೃಶ್ಯವಂತೂ ಕಣ್ಣಿಗೆ ಕಟ್ಟಿದೆ. ನಮ್ಮ ಓಣಿಯ ತಿರುವಿನಲ್ಲಿ, ಒಂದು ಮನೆಯ ಗೇಟಿನ ಮುಂದೆ, ಬಣ್ಣ ಸುಲಿದ ಮೇಜಿನ ಮೇಲೆ ಆರಾರು ಮೊಟ್ಟೆಗಳ ರಟ್ಟಿನ ಪೆಟ್ಟಿಗೆಗಳು, ಸೀಮೆಸುಣ್ಣದಲ್ಲಿ ಬೆಲೆ ಬರೆದ ಒಂದು ಹಲಗೆ, ಕಾಸು ಹಾಕಲು ಮುಚ್ಚಳದಲ್ಲಿ ಸೀಳು ಕೊಯ್ದ ಒಂದು ತಗಡಿನ ಡಬ್ಬಿ. ಮಾರುವವರು ಯಾರೂ ಇರುತ್ತಿರಲಿಲ್ಲ. ಜುಲೈ ಬಂತೆಂದರೆ ಮನೆಯವರಿಗೆ ತಿಂದು ಮಿಕ್ಕ ಕೋರ್ಜೆಟ್ ಕಾಯಿಗಳು ಅದೇ ಮೇಜಿನ ಮೇಲೆ ಪುಕ್ಕಟೆಯಾಗಿ ಕಾಣಿಸಿಕೊಳ್ಳುತ್ತಿದ್ದವು. ನನ್ನಾಕೆ ಅದರ ಹುಳಿ ಮಾಡಿದಳು. ಸೋರೆಕಾಯಿಯದಕ್ಕಿಂತ ಏನೂ ಕಡಿಮೆಯಿರಲಿಲ್ಲ.

ಉತ್ತರ 2: ಮಡಗಾಂವಿನ ಸ್ಟುಡಿಯೋದವ

ಹಿರಿಯರು ಸಂಜೆಯ ಮಾತು ಹೇಳಿದ್ದಾರೆ, ನಾನು ಅದರ ಕಾರಣ ಹೇಳುತ್ತೇನೆ. ಗೋವೆಯಲ್ಲಿ ಮೇ ಆರಂಭಕ್ಕೆ, ನಿಮ್ಮ ಪುಣೆಯಲ್ಲಿ ಮೇ ಮಧ್ಯಕ್ಕೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ; ನಡುಹಗಲಲ್ಲಿ ನೆರಳು ಕಾಲಡಿಗೆ ಸೇರಿ ಮುಖದ ಮೇಲೆ ಕಪ್ಪು ಕವಿಯುತ್ತದೆ. ದಕ್ಷಿಣ ಇಂಗ್ಲೆಂಡಿನಲ್ಲಿ ಸೂರ್ಯ ಜೂನ್‌ನಲ್ಲಿಯೂ ಸುಮಾರು 62 ಡಿಗ್ರಿಯವರೆಗೆ ಮಾತ್ರ ಮೇಲೇರುತ್ತಾನೆ, ಓರೆಯಾಗಿ ನಿಧಾನವಾಗಿ ಇಳಿಯುತ್ತಾನೆ. ಆದ್ದರಿಂದ ನಮಗೆ ಇಲ್ಲಿ ಅರ್ಧ ಗಂಟೆ ಸಿಗುವ ಹೊಂಬೆಳಕು ಅಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಸಿಗುತ್ತದೆ. ಅವಸರ ಬೇಡ.

ನನ್ನ ಸಲಹೆಯೆಂದರೆ, ದಿನವೂ ಹೊಸದನ್ನು ಹುಡುಕಿಕೊಂಡು ಅಲೆಯಬೇಡಿ. ಒಂದು ಓಣಿಯನ್ನು ಆರಿಸಿಕೊಂಡು, ಅದೇ ಕಲ್ಲಿನ ಪಕ್ಕದಲ್ಲಿ ನಿಂತು, ವಾರಕ್ಕೆ ಎರಡು ಸಲವಾದರೂ ಅದೇ ಚಿತ್ರ ತೆಗೆಯಿರಿ. ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಇಂಗ್ಲೆಂಡಿನಲ್ಲಿ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕೃಷಿಭೂಮಿಯ ಜೀವಂತ ಬೇಲಿಗಳನ್ನು ಸಾಮಾನ್ಯವಾಗಿ ಕತ್ತರಿಸುವಂತಿಲ್ಲ. ನೀವು ಇರುವ ಮೂರು ತಿಂಗಳೂ ಆ ಬೇಲಿ ಬೆಳೆಯುತ್ತಲೇ ಹೋಗಿ ಓಣಿಯನ್ನು ಇಕ್ಕಟ್ಟು ಮಾಡುತ್ತದೆ: ಜೂನ್‌ನಲ್ಲಿ ಎಲ್ಡರ್ ಗಿಡದ ಬಿಳಿ ಹೂಗೊಂಚಲು, ಆಗಸ್ಟ್‌ನಲ್ಲಿ ಕಪ್ಪಾಗುತ್ತಿರುವ ಬ್ಲ್ಯಾಕ್‌ಬೆರಿ. ಬೇಲಿಯಾಚೆ ಬಾರ್ಲಿಯ ಹೊಲವಿದ್ದರೆ ಹಸಿರು, ಹೊನ್ನು, ಕೊನೆಗೆ ಕೊಯ್ದು ಉಳಿದ ಕೂಳೆ, ಮೂರೂ ನಿಮಗೆ ಸಿಗುತ್ತವೆ.

ಅಂದ ಹಾಗೆ, ನೀವು ಹೋಗುತ್ತಿರುವುದು ಛಾಯಾಗ್ರಹಣದ ತವರಿಗೇ. ಚಿಪ್ಪನ್‌ಹ್ಯಾಮ್‌ನ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಲೇಕಾಕ್ ಎಂಬ ಹಳ್ಳಿಯಿದೆ. 1835ರ ಆಗಸ್ಟ್‌ನಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅಲ್ಲಿಯ ತನ್ನ ಮನೆಯ ಒಂದು ಕಿಟಕಿಯನ್ನು ಅಂಚೆಚೀಟಿಯಷ್ಟು ಚಿಕ್ಕ ಕಾಗದದ ಮೇಲೆ ಹಿಡಿದ. ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದಿರುವ ನೆಗೆಟಿವ್‌ಗಳಲ್ಲಿ ಅತ್ಯಂತ ಹಳೆಯದು ಅದೇ. ಅವನು ಮನೆಯ ಸುತ್ತ ಇಟ್ಟಿದ್ದ ಮರದ ಪುಟ್ಟ ಕ್ಯಾಮೆರಾಗಳನ್ನು ಅವನ ಹೆಂಡತಿ ಇಲಿಬೋನುಗಳೆಂದು ಕರೆಯುತ್ತಿದ್ದಳು. ಮನೆಯ ಕಿಟಕಿಯ ಚಿತ್ರ ಅವನಿಗೆ ಸಾಕಾಗಿತ್ತು, ನಮಗೇಕೆ ಸಾಲದು? ಮಗಳ ಅಡುಗೆಮನೆಯ ಕಿಟಕಿಯಿಂದಲೇ ಆರಂಭಿಸಿ.

ಉತ್ತರ 3: ಮಾಟುಂಗಾದ ಓದುಗ

ಕೆಂಪು ಟೆಲಿಫೋನ್ ಗೂಡನ್ನು ಡಬ್ಬದ ಮುಚ್ಚಳವೆಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಮಾದರಿ ಐದನೆಯ ಜಾರ್ಜ್ ದೊರೆಯ ಆಳ್ವಿಕೆಯ ರಜತ ಮಹೋತ್ಸವದ ನೆನಪಿಗೆ 1935ರಲ್ಲಿ ರೂಪುಗೊಂಡದ್ದು. ಹೊರಗಿನಿಂದ ತೆಗೆದರೆ ಎಲ್ಲರ ಚಿತ್ರದಂತೆಯೇ ಆಗುತ್ತದೆ, ನಿಜ. ಬಾಗಿಲು ತೆರೆದು ಒಳಗೆ ನೋಡಿ. ಎಷ್ಟೋ ಕಡೆ ಫೋನು ಎಂದೋ ಹೋಗಿ, ಊರವರು ಅದನ್ನು ಒಂದು ಪೌಂಡಿಗೆ ಪಡೆದುಕೊಂಡು, ಓದಿ ಮುಗಿಸಿದ ಪುಸ್ತಕಗಳ ಕಪಾಟನ್ನೋ ಹೃದಯಾಘಾತವಾದವರಿಗೆ ವಿದ್ಯುತ್ ಆಘಾತ ಕೊಡುವ ಯಂತ್ರವನ್ನೋ ಇಟ್ಟಿದ್ದಾರೆ. ನೀವು ಹುಡುಕುತ್ತಿರುವ ನಿತ್ಯದ ಬದುಕು ಆ ಗೂಡಿನೊಳಗೇ ಇದೆ.

ಅಪರಿಚಿತರ ವಿಷಯ: ಸಾರ್ವಜನಿಕ ಸ್ಥಳದಲ್ಲಿ ಚಿತ್ರ ತೆಗೆಯಲು ಅಲ್ಲಿಯ ಕಾನೂನು ಅನುಮತಿ ಕೇಳುವುದಿಲ್ಲ. ಆದರೂ ಮಕ್ಕಳಿದ್ದಲ್ಲಿ ಹೆತ್ತವರನ್ನು ಕೇಳದೆ ತೆಗೆಯಬೇಡಿ. ಹಳ್ಳಿಯ ಬೇಸಿಗೆ ಜಾತ್ರೆಯಲ್ಲಿ, ತೆಂಗಿನಕಾಯಿಗೆ ಗುರಿಯಿಟ್ಟು ಮರದ ಚೆಂಡು ಎಸೆಯುವ ಆಟದ ಬಳಿ, ಈ ಎಚ್ಚರ ವಿಶೇಷವಾಗಿ ಬೇಕು. (ತೆಂಗು ಬೆಳೆಯದ ನಾಡಿನಲ್ಲಿ ತೆಂಗಿನಕಾಯಿ ಬಹುಮಾನವಾಗುವುದನ್ನು ಕಂಡು ನಮ್ಮ ಕರಾವಳಿಯವರಿಗೆ ನಗು ಬಾರದಿರದು.) ನಿತ್ಯದ ಬದುಕನ್ನು ಹಿಡಿದಿಡುವ ಹುಚ್ಚೂ ಅವರಿಗೆ ಹೊಸತಲ್ಲ. 1897ರಲ್ಲಿಯೇ ಬರ್ಮಿಂಗ್‌ಹ್ಯಾಮ್‌ನ ಸಂಸದ ಬೆಂಜಮಿನ್ ಸ್ಟೋನ್ ಹಳ್ಳಿಯ ಹಬ್ಬ, ಆಚರಣೆ, ಕಟ್ಟಡಗಳನ್ನು ದಾಖಲಿಸಲು ಹವ್ಯಾಸಿ ಛಾಯಾಗ್ರಾಹಕರ ಸಂಘವನ್ನೇ ಕಟ್ಟಿದ್ದ.

ಮೂಲ ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ನಿನ್ನೆ ಮಗಳೊಡನೆ ಮಾತಾಡಿದೆ. ಮನೆಯ ಹಿಂದಿನ ಓಣಿಯ ತುದಿಯಲ್ಲಿ ಹಾಲಿನ ಕ್ಯಾನು ಇಡುತ್ತಿದ್ದ ಹಳೆಯ ಕಲ್ಲಿನ ಕಟ್ಟೆಯೊಂದಿದೆಯಂತೆ, ಅದರ ಮೇಲೆ ಕೂತರೆ ಬಾರ್ಲಿ ಹೊಲವೂ ಚರ್ಚಿನ ಗೋಪುರವೂ ಕಾಣುತ್ತವೆಯಂತೆ. ಜಾಗ ಅದೇ ಎಂದು ಗೊತ್ತುಮಾಡಿದ್ದೇನೆ. ಕ್ಯಾಮೆರಾದ ಗಡಿಯಾರವನ್ನು ವಿಮಾನ ಹತ್ತುವ ಮೊದಲೇ ತಿದ್ದುತ್ತೇನೆ. ಲೇಕಾಕ್‌ಗೆ ಬಸ್ಸಿದೆಯಂತೆ, ಆದರೆ ಮಗಳ ಹಳ್ಳಿಯಿಂದ ಚಿಪ್ಪನ್‌ಹ್ಯಾಮ್‌ಗೆ ಹೋಗಿ ಬಸ್ಸು ಬದಲಿಸಬೇಕಂತೆ; ಎರಡು ಗಂಟೆಗೊಮ್ಮೆ ಬರುವ ಬಸ್ಸನ್ನು ನಂಬಿಕೊಂಡು ಅಲ್ಲಿಗೆ ಹೋಗಿ ಸಂಜೆಯೊಳಗೆ ಮರಳಿದವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.